ತೊಗಲು ಮೊಟ್ಟೆ

ಸರ್ಕಾರಿ ಕಾಗದದಲ್ಲಿ ‘ಹಿತ್ತಲ ಕೋಳಿ ಸಾಕಣೆ’ ಅಂತ ಅಚ್ಚಾಗಿರುತ್ತದೆ. ಓದಿದಾಗಲೆಲ್ಲ ನನಗೊಂದು ಅನುಮಾನ. ಯಾರ ಹಿತ್ತಲು? ಹುಣಸೂರು ಸೀಮೆಯ ನಮ್ಮ ಕೇರಿಯಲ್ಲಿ ಒಂದು ಮನೆಯ ಗೋಡೆಗೆ ಇನ್ನೊಂದು ಮನೆಯ ಗೋಡೆ ಆತುಕೊಂಡಿದೆ. ಮುಂದೆ ಚರಂಡಿ. ಹಿಂದೆ ಎರಡು ಮಾರು ಜಾಗ, ಅದರಾಚೆ ಊರೊಳಗಿನವರ ಹೊಲ. ಆದರೂ ಕೋಳಿ ಇಲ್ಲದ ಮನೆ ಇಲ್ಲ. ಮಗಳ ಬಳೆ, ಮಗನ ಪರೀಕ್ಷೆ ಫೀಸು, ನೆಂಟರು ಬಂದ ದಿನದ ಸಾರು, ಎಲ್ಲ ಅದರ ಹೊಟ್ಟೆಯಿಂದಲೇ ಬರಬೇಕು. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ಕಳೆದುಹೋದ ಹುಂಜಕ್ಕೆ ಯಾಕೆ ಅಷ್ಟು ಹುಡುಕಾಡುತ್ತಾಳೆ ಅಂತ ಕಾಲೇಜಿನಲ್ಲಿ ಕೆಲವು ಗೆಳೆಯರಿಗೆ ತಿಳಿಯಲಿಲ್ಲ. ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಈ ಬೇಸಿಗೆಯಲ್ಲಿ ನಮ್ಮ ಮನೆಯ ಯಾಟೆ ಮೊದಲ ಮೊಟ್ಟೆ ಇಟ್ಟಿತು. ಆರು ತಿಂಗಳ ಕೋಳಿ. ಜುಟ್ಟು ಕೆಂಪಾಗಿ ನಾಲ್ಕು ದಿನದಿಂದ ಮೂಲೆ ಮೂಲೆ ಹುಡುಕುತ್ತಿತ್ತು. ಅವ್ವ ಹುಲ್ಲಿನೊಳಗೆ ಕೈಯಿಟ್ಟು ತೆಗೆದರೆ ಅಂಗೈಯಲ್ಲಿ ಮೆತ್ತಗೆ ಕೂತಿತ್ತು. “ಓಡೇ ಇಲ್ವಲ್ಲ ಮಗ, ಬರೀ ತೊಗಲು” ಅಂದಳು. ಪಕ್ಕದ ಮನೆ ದೊಡ್ಡವ್ವ ಬಂದು ನೋಡಿ, “ಕಣ್ಣು ತಾಕದೆ ಕನವ್ವ. ಕುಯ್ದು ಸಾರು ಮಾಡು” ಅಂದಿತು.

“ನಿನ್ ಮಗ ಮೊದ್ಲ ಹೆಜ್ಜೆ ಇಟ್ಟಾಗ ಬಿದ್ದಿರ್ಲಿಲ್ವ ಅಕ್ಕ? ಅವನ್ನೂ ಕುಯ್ದಾಕಿದ್ಯ?”

ಅವ್ವನ ಮಾತೇ ಸರಿ. ಹೊಸದಾಗಿ ಮೊಟ್ಟೆಗೆ ಬಂದ ಕೋಳಿಯ ಮೈ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಒಂದೆರಡು ತೊಗಲು ಮೊಟ್ಟೆ, ಎಲ್ಲೋ ಒಂದು ಎರಡು ಭಂಡಾರದ ಮೊಟ್ಟೆ ಬೀಳುವುದುಂಟು. ಅದು ರೋಗವಲ್ಲ. ವಾರಗಟ್ಟಲೆ ಹಾಗೇ ಬಿದ್ದರೆ ಮಾತ್ರ ಯೋಚಿಸಬೇಕು. ಕೊಕ್ಕರೆ ರೋಗ ತಾಗಿದ ಕೋಳಿಯೂ ತೆಳು ಓಡಿನ ಮೊಟ್ಟೆ ಇಡುತ್ತದೆ, ಅದಕ್ಕೆ ಲಸಿಕೆ ಬೇರೆ. ನಮ್ಮ ಯಾಟೆಗೆ ಆ ಸೊರಗು ಇರಲಿಲ್ಲ. ಮೇಯುತ್ತಿತ್ತು, ಕೆದಕುತ್ತಿತ್ತು, ಮೊಟ್ಟೆ ಮಾತ್ರ ತೆಳ್ಳಗೆ. ಎರಡು ವಾರವಾದರೂ ಹಾಗೇ. ಮುಟ್ಟಿದರೆ ಒಡೆಯುವ ಮೊಟ್ಟೆಯನ್ನು ಅಂಗಡಿಯವನು ಕೊಳ್ಳುವುದಿಲ್ಲ, ಕಾವಿಗಿಟ್ಟರೆ ತಾಯಿಯ ಕಾಲಿನಡಿಯಲ್ಲೇ ಪುಡಿ.

ಬಿ.ಎಸ್ಸಿ. ಓದಿದ ಮಗ ಮನೆಯಲ್ಲಿದ್ದಾನೆ, ಕೆಲಸ ಇನ್ನೂ ಸಿಕ್ಕಿಲ್ಲ, ಕೋಳಿ ವಿಚಾರವಾದರೂ ನೋಡಲಿ ಅಂತ ಅವ್ವ ನನ್ನ ಕಡೆ ತಿರುಗಿದಳು. ನಾನು ಪುಸ್ತಕ ತೆಗೆದೆ.

ಮೊಟ್ಟೆಯ ಓಡು ನೂರಕ್ಕೆ ಸುಮಾರು 95 ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಗೋಡೆಗೆ ಬಳಿದ ಸುಣ್ಣ ಗಾಳಿ ಕುಡಿದು ಗಟ್ಟಿಯಾದಾಗ ಏನಾಗುತ್ತದೋ ಅದೇ. ಒಂದು ಮೊಟ್ಟೆ ತಯಾರಾಗಲು ಒಂದು ದಿನಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಅದರಲ್ಲಿ ಸುಮಾರು 20 ಗಂಟೆ ಓಡು ಕಟ್ಟುವುದಕ್ಕೇ ಹೋಗುತ್ತದೆ. ಹೆಚ್ಚಿನ ಕೆಲಸ ರಾತ್ರಿ, ಮಂಕ್ರಿಯೊಳಗೆ, ಕೋಳಿ ಕಣ್ಣು ಮುಚ್ಚಿ ಕೂತಿರುವಾಗ. ಆ ಹೊತ್ತಿಗೆ ಹೊಟ್ಟೆಯಲ್ಲಿ ಸುಣ್ಣ ಸಾಲದಿದ್ದರೆ ಅದು ತನ್ನ ಮೂಳೆಯನ್ನೇ ಕರಗಿಸಿ ಓಡಿಗೆ ಹಾಕುತ್ತದೆ. ಕಾಲಿನ ಮೂಳೆಯ ಒಳಗೆ ಇದಕ್ಕೆಂದೇ ಒಂದು ಗಂಟು ಕೂಡಿಟ್ಟುಕೊಂಡಿರುತ್ತದೆ, ಮೊಟ್ಟೆಗೆ ಬರುವ ಒಂದೆರಡು ವಾರ ಮೊದಲು. ಆ ಗಂಟೂ ತೀರಿದರೆ ಕೋಳಿ ಕುಂಟುತ್ತದೆ. ಇದನ್ನು ಓದುವಾಗ ಅವ್ವನ ಮಂಡಿ ನೋವು ನೆನಪಾಯಿತು. ಅವಳು ಆರು ಹೆತ್ತವಳು.

ರಾಗಿ ಹಾಕುತ್ತೇವಲ್ಲ, ರಾಗಿಯಲ್ಲಿ ಸುಣ್ಣ ಜಾಸ್ತಿ ಅಂತಾರಲ್ಲ ಅನ್ನಬಹುದು. ನಿಜ, ನಮ್ಮ ಧಾನ್ಯಗಳಲ್ಲಿ ರಾಗಿಯಷ್ಟು ಸುಣ್ಣ ಯಾವುದರಲ್ಲೂ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಆದರೆ ನಾಟಿ ಕೋಳಿಯ ಒಂದು ಸಣ್ಣ ಮೊಟ್ಟೆಯ ಓಡಿಗೇ ಒಂದೂವರೆ ಗ್ರಾಂ ಬೇಕು. ಲೆಕ್ಕ ಹಾಕಿದರೆ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಕೆಜಿ ರಾಗಿ ತಿನ್ನಬೇಕು. ಕೋಳಿ ತಿನ್ನುವುದು ನೂರು ಗ್ರಾಂ ಒಳಗೆ. ಇನ್ನು ನ್ಯಾಯಬೆಲೆ ಅಂಗಡಿ ಅಕ್ಕಿಯ ನುಚ್ಚು ಹಾಕಿದರೆ ಅದರಲ್ಲಿ ಸುಣ್ಣ ಇಲ್ಲವೆಂದೇ ಹೇಳಬೇಕು.

ಹಾಗಾದರೆ ಅವ್ವನ ಕಾಲದ ಕೋಳಿಗಳು ಓಡು ಎಲ್ಲಿಂದ ತರುತ್ತಿದ್ದವು? ಕೆರೆ ಅಂಗಳದಿಂದ, ಕಾಲುವೆ ಬದಿಯಿಂದ, ತಿಪ್ಪೆಯಿಂದ, ಹಳೇ ಸುಣ್ಣದ ಗೋಡೆಯ ಬುಡದಿಂದ. ಸುಣ್ಣದ ಕೊರತೆ ಬಿದ್ದ ಕೋಳಿ ಅದನ್ನು ತಾನೇ ಹುಡುಕಿಕೊಂಡು ತಿನ್ನುತ್ತದೆ. ಅದಕ್ಕೆ ಯಾವ ಡಿಗ್ರಿಯೂ ಬೇಡ, ಕಾಲು ಬಿಟ್ಟರೆ ಸಾಕು.

ಕಾಲು ಬಿಡುವ ಹಾಗಿಲ್ಲ, ಅದೇ ತಾಪತ್ರಯ. ಹೊಲ ಹದವಾಗುತ್ತಿದ್ದಂತೆ “ಕೋಳಿ ಕೂಡಾಕ್ರುಲಾ” ಅಂತ ಕೂಗು ಬರುತ್ತದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಕರಿ ಕೋಳಿ ಕಾಲು ಮುರಿಸಿಕೊಂಡು ಹೊಲದ ಕಡೆಯಿಂದ ನಮ್ಮ ಬಾಗಿಲಿಗೆ ಬಂದು ಬಿತ್ತು. ತಾನಾಗಿ ಬರಲಿಲ್ಲ, ಎಸೆದರು. ಅವ್ವ ನ್ಯಾಯ ಕೇಳಲು ಹೋಗಲಿಲ್ಲ. ಸಾರು ಮಾಡಿದಳು. ಯಾರೂ ಮಾತಾಡದೆ ಉಂಡೆವು. ಆವತ್ತಿನಿಂದ ವರ್ಷದಲ್ಲಿ ನಾಲ್ಕೈದು ತಿಂಗಳು ನಮ್ಮ ಕೋಳಿ ಮಂಕ್ರಿಯಡಿ, ಇಲ್ಲವೆ ಕಾಲಿಗೆ ದಾರ. ಮಂಕ್ರಿಯೊಳಗೆ ಹುಳವಿಲ್ಲ, ಚಿಪ್ಪಿಲ್ಲ, ಬಿಸಿಲಿಲ್ಲ. ಬಿಸಿಲು ಚರ್ಮಕ್ಕೆ ಬಿದ್ದರೆ ತಾನೆ ಡಿ ಜೀವಸತ್ವ ಹುಟ್ಟುವುದು, ಅದು ಇಲ್ಲದೆ ತಿಂದ ಸುಣ್ಣವೂ ರಕ್ತಕ್ಕೆ ಸೇರದು. ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ಬಾಯಿ ತೆರೆದು ಏದುಸಿರು ಬಿಡುತ್ತದಲ್ಲ, ಓಡಿಗೆ ಬೇಕಾದ ಇಂಗಾಲದ ಗಾಳಿಯೂ ಆ ಉಸಿರಿನಲ್ಲಿ ಹೋಗಿಬಿಡುತ್ತದೆ. ಹೀಗೆ ತೊಗಲು ಮೊಟ್ಟೆ.

1974ರಲ್ಲಿ ಭೂಸುಧಾರಣೆ ಜಾರಿಗೆ ತಂದ ದೇವರಾಜ ಅರಸರು ನಮ್ಮ ಹುಣಸೂರಿನವರೇ. ಗೇಣಿ ಮಾಡುತ್ತಿದ್ದವರಿಗೆ ಭೂಮಿ ಬಂತು, ಅದೇನು ಸಣ್ಣ ಮಾತಲ್ಲ. ಆದರೆ ಗೇಣಿಗೂ ಭೂಮಿ ಸಿಗದೆ ಜೀತಕ್ಕಿದ್ದವರ ಹೆಸರು ಪಹಣಿಯ ಯಾವ ಕಾಲಂನಲ್ಲೂ ಇರಲಿಲ್ಲ. ನಮ್ಮ ತಾತ ಆ ಪೈಕಿ. ನಮ್ಮ ಕೋಳಿಯ ಕಾಲಿಗೆ ದಾರ ಬಿದ್ದದ್ದು ಅಲ್ಲಿಂದಲೇ ಅಂತ ನನ್ನ ಲೆಕ್ಕ.

ಆಮೇಲೆ ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ನೋಡಿದರೂ ಬ್ಯಾರನ್ನು. ಎಲೆಗೆ ಸಂಶೋಧನಾ ಕೇಂದ್ರವಿದೆ, ಮಂಡಳಿಯಿದೆ, ಹರಾಜು ಮಾರುಕಟ್ಟೆಯಿದೆ. ರಾಗಿ ಕಣದಲ್ಲಿ ಉದುರಿದ ಕಾಳು ಕೇರಿಯ ಕೋಳಿಗೂ ಸಿಗುತ್ತಿತ್ತು. ಹೊಗೆಸೊಪ್ಪಿನ ಹೊಲದಲ್ಲಿ ಒಂದು ಕಾಳೂ ಇಲ್ಲ, ಹೂ ಬಿಡುವ ಮೊದಲೇ ಕುಡಿ ಮುರಿಯುತ್ತಾರೆ. ಅಲ್ಲಿ ಸಿಗುವ ಹುಳುವಿಗೆ ಔಷಧಿ ಹೊಡೆದಿರುತ್ತದೆ. ಅಂಥ ಹುಳು ತಿಂದ ಕೋಳಿ ಸಂಜೆಗೆ ಮನೆಗೆ ಬರುವುದಿಲ್ಲ. ಅದಕ್ಕೇ ಈಗ ಕೂಗು ಹಾಕದಿದ್ದರೂ ನಾವೇ ಕೂಡಿಹಾಕುತ್ತೇವೆ.

ಕೂಡಿಹಾಕಿದ ಮೇಲೆ ಸುಣ್ಣ ನಾವೇ ತಂದು ಕೊಡಬೇಕು. ದೊಡ್ಡವ್ವ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಅನ್ನಕ್ಕೆ ಕಲಸಲು ಹೊರಟಿತ್ತು, ನಾನು ಬೇಡ ಅಂದೆ. ಹಸಿ ಸುಣ್ಣ ಕೋಳಿಯ ಗಂಟಲು ಸುಡುತ್ತದೆ. ಗಾಳಿ ಕುಡಿದು ವರ್ಷಗಳಾದ ಗೋಡೆಯ ಸುಣ್ಣದ ಚಕ್ಕೆ ಆದೀತು. ಎಣ್ಣೆ ಬಣ್ಣದ ಚಕ್ಕೆ ಆಗದು, ಹಳೇ ಬಣ್ಣದಲ್ಲಿ ಸೀಸವಿರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಚಿಪ್ಪು. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ನಮ್ಮ ಚಿಕ್ಕವ್ವನ ಮನೆ. ನಾಟಿಗೆ ಹೋದ ಹೆಂಗಸರು ಗದ್ದೆಯಿಂದ ನತ್ತೆಗುಳ್ಳೆ ಆಯ್ದು ತರುತ್ತಾರೆ. ಮಾಂಸ ತಿಂದಾದ ಮೇಲೆ ಚಿಪ್ಪು ತಿಪ್ಪೆಗೆ. ಚಿಕ್ಕವ್ವ ಒಂದು ಚೀಲ ತುಂಬಿ ಬಸ್ಸಿಗೆ ಹಾಕಿಕೊಂಡು ಬಂತು. ಕಂಡಕ್ಟರು ಲಗೇಜಿಗೆ ದುಡ್ಡು ಕೇಳಿದನಂತೆ. “ಚಿಪ್ಪು ಕನಪ್ಪ, ಬೇಕಾದ್ರೆ ನೀನೇ ಇಟ್ಕೊ” ಅಂದಿತಂತೆ.

ಚಿಪ್ಪನ್ನು ಬಿಸಿಲಲ್ಲಿ ಒಣಗಿಸಿ, ಒರಳಲ್ಲಿ ಕುಟ್ಟಿ, ದಪ್ಪ ರವೆಗಿಂತ ತುಸು ದಪ್ಪಕ್ಕೆ ಮಾಡಿದೆವು. ನುಣ್ಣಗೆ ಅರೆಯಬಾರದು. ಕಾಳಿನಂತಿದ್ದರೆ ಹೊಟ್ಟೆಯಲ್ಲಿ ರಾತ್ರಿಯಿಡೀ ನಿಧಾನಕ್ಕೆ ಕರಗುತ್ತದೆ, ಓಡು ಕಟ್ಟುವ ಹೊತ್ತಿಗೆ ಒದಗುತ್ತದೆ. ಅದಕ್ಕೇ ಸಂಜೆ ಕೊಡಬೇಕು. ಮೇವಿಗೆ ಬೆರೆಸದೆ ಬೇರೆ ತೆಂಗಿನ ಚಿಪ್ಪಿನಲ್ಲಿಟ್ಟರೆ ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಮರಿಗಳಿಗೆ ಮೇವಿನಲ್ಲಿ ಕಲಸಿ ಬಲವಂತಕ್ಕೆ ತಿನ್ನಿಸಿದರೆ ಮೂತ್ರಪಿಂಡ ಕೆಡುತ್ತದೆ. ಮನೆಯಲ್ಲಿ ಒಡೆದ ಮೊಟ್ಟೆಯ ಓಡೂ ಆದೀತು, ಆದರೆ ಬೇಯಿಸಿ ಗುರುತೇ ಸಿಗದ ಹಾಗೆ ಕುಟ್ಟಿ ಹಾಕಬೇಕು. ಓಡು ಓಡಿನಂತೆ ಕಂಡರೆ ತನ್ನ ಮೊಟ್ಟೆಯನ್ನೇ ಕುಕ್ಕಿ ಕುಡಿಯುವ ಚಟ ಹತ್ತುತ್ತದೆ. ಬೆಳಿಗ್ಗೆ ಎರಡು ಗಂಟೆ ನನ್ನ ತಮ್ಮ ಕೋಲು ಹಿಡಿದು ಕಾದು, ಯಾಟೆಯನ್ನು ಬಿಸಿಲಿಗೆ ಬಿಟ್ಟ. ಕೋಳಿ ಕಾಯುವ ಗೊಲ್ಲ ಅಂತ ಕೇರಿಯೆಲ್ಲ ನಕ್ಕಿತು.

1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಹೊರತಂದ ಗಿರಿರಾಜ ಕೋಳಿಗೂ ಇದೇ ಮಾತು, ಇನ್ನೂ ಹೆಚ್ಚಾಗಿ. ಮೊಟ್ಟೆ ಹೆಚ್ಚಿದಷ್ಟೂ ಸುಣ್ಣ ಹೆಚ್ಚು ಬೇಕು. ಮರಿ ಹಂಚುವವರು ಒಂದು ಹಿಡಿ ಚಿಪ್ಪನ್ನೂ ಹಂಚಬಹುದು.

ಮೂರನೇ ವಾರಕ್ಕೆ ಓಡು ಗಟ್ಟಿಯಾಯಿತು. ಅವ್ವ ಉಗುರಿನಿಂದ ತಟ್ಟಿ ಕಿವಿಗಿಟ್ಟು ನೋಡಿದಳು. ಹನ್ನೊಂದು ಮೊಟ್ಟೆ ಕೂಡಿಸಿ ಹಳೇ ಕೋಳಿಯ ಕೆಳಗೆ ಕಾವಿಗಿಟ್ಟಿದ್ದಾಳೆ. 21 ದಿನಕ್ಕೆ ಮರಿ. ಅಷ್ಟು ಹೊತ್ತಿಗೆ ಹಿಂದಿನ ಹೊಲದಲ್ಲಿ ಪೈರು ಎದ್ದಿರುತ್ತದೆ. “ಇವ್ನೆಲ್ಲ ಎಲ್ಲಿ ಬುಡದು ಮಗ?” ಅಂತ ಈಗಲೇ ಕೇಳುತ್ತಾಳೆ.

ನಾವು ನಾಲ್ಕು ಹುಡುಗರು ಕೂತು ಪಂಚಾಯ್ತಿಗೆ ಅರ್ಜಿ ಬರೆದೆವು. ಕೆರೆ ಏರಿ ಪಕ್ಕದ ಸರ್ಕಾರಿ ಜಾಗದಲ್ಲಿ ಹತ್ತು ಗುಂಟೆಗೆ ಬೇಲಿ ಹಾಕಿ ಕೇರಿಯ ಕೋಳಿ ಮೇಯಲು ಬಿಟ್ಟುಕೊಡಿ ಅಂತ. ಓದಿದವರು ನಕ್ಕರು. ಅರ್ಜಿ ಬಂದಿದೆ ಅನ್ನುವುದಕ್ಕೆ ಸೀಲು ಹೊಡೆಸಿಕೊಂಡೇ ಎದ್ದು ಬಂದೆವು.