ಏಲಕ್ಕಿ ಹೆಸರಿನ ಮನೆ ಮಾರಾಟಕ್ಕಿದೆ

ಲಂಡನ್ನಿನ ಟವರ್ ಬ್ರಿಜ್ ದಾಟಿ, ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ಎಡಕ್ಕೆ ಹೊರಳಿದರೆ ಶ್ಯಾಡ್ ಥೇಮ್ಸ್ ಎಂಬ ಇಕ್ಕಟ್ಟಿನ ಬೀದಿ ಸಿಗುತ್ತದೆ. ಎರಡೂ ಬದಿಗೆ ಎತ್ತರದ ಇಟ್ಟಿಗೆ ಕಟ್ಟಡಗಳು. ತಲೆಯ ಮೇಲೆ ಒಂದರಿಂದ ಇನ್ನೊಂದಕ್ಕೆ ಅಡ್ಡಡ್ಡ ಹಾದ ಕಬ್ಬಿಣದ ಸೇತುವೆಗಳು. ಬಾಗಿಲುಗಳ ಮೇಲಿನ ಹೆಸರು ನೋಡಿ: ಸಿನಮನ್ ವಾರ್ಫ್, ಕಾರ್ಡಮಮ್ ಬಿಲ್ಡಿಂಗ್, ಕ್ಲೋವ್ ಬಿಲ್ಡಿಂಗ್. ದಾಲ್ಚಿನ್ನಿ, ಏಲಕ್ಕಿ, ಲವಂಗ! ದಿನಸಿ ಅಂಗಡಿಯ ಚೀಟಿ ಓದಿದಂತಾಗುತ್ತದೆ.

ಇಲ್ಲಿ ಮನೆಗಳು ಮಾರಾಟಕ್ಕಿವೆ. ನದಿ ಕಾಣುವ, ಎರಡು ಮಲಗುವ ಕೋಣೆಗಳ ಮನೆಗೆ ಹತ್ತು ಲಕ್ಷ ಪೌಂಡಿನ ಆಸುಪಾಸು ಕೇಳುವುದು ಅಪರೂಪವಲ್ಲ. ರೂಪಾಯಿಯಲ್ಲಿ ಹತ್ತು ಕೋಟಿಗೂ ಮಿಕ್ಕಿತು. ಅಷ್ಟು ಕೊಟ್ಟರೂ ಮನೆ ಪೂರ್ತಿ ಸ್ವಂತದ್ದಲ್ಲ. ಇಂಗ್ಲೆಂಡಿನಲ್ಲಿ ಅಪಾರ್ಟ್‌ಮೆಂಟುಗಳನ್ನು ಸಾಮಾನ್ಯವಾಗಿ ಲೀಸಿನ ಮೇಲೆ ಮಾರುತ್ತಾರೆ. ಕೊಂಡವನಿಗೆ ಸಿಗುವುದು ಇಷ್ಟು ವರ್ಷ ಇರುವ ಹಕ್ಕು. ಅವಧಿ 125 ವರ್ಷವೂ ಇರಬಹುದು, 999 ವರ್ಷವೂ ಇರಬಹುದು. ನಮ್ಮ ಭೋಗ್ಯದಂತೆ ಕೊನೆಗೆ ದುಡ್ಡು ವಾಪಸು ಬರುತ್ತದೆಂದು ಎಣಿಸಬೇಡಿ. ನಿರ್ವಹಣೆಯ ವಾರ್ಷಿಕ ಖರ್ಚು ಬೇರೆ. ಪಾರಂಪರಿಕ ಪಟ್ಟಿಗೆ ಸೇರಿದ ಕಟ್ಟಡವಾದರೆ ಹಳೆಯ ಕಿಟಕಿ ಬದಲಿಸಲೂ ಅಪ್ಪಣೆ ಬೇಕು.

ಈ ಗೋಡೆಗಳು ಮನುಷ್ಯರ ವಾಸಕ್ಕೆಂದು ಎದ್ದವಲ್ಲ. ಬಟ್ಲರ್ಸ್ ವಾರ್ಫ್ ಎಂಬ ಈ ಗೋದಾಮುಗಳ ಸಾಲು 1871ರಿಂದ 1873ರ ನಡುವೆ ಕಟ್ಟಿದ್ದು. ಹಡಗುಗಳಲ್ಲಿ ಬಂದ ಚಹಾ, ಸಕ್ಕರೆ, ಧಾನ್ಯ, ಮಸಾಲೆ ಇಲ್ಲಿ ಇಳಿಯುತ್ತಿದ್ದವು. ಈಗ ಫೋಟೋ ತೆಗೆಸಿಕೊಳ್ಳಲು ಒದಗುವ ಆ ಸೇತುವೆಗಳ ಮೇಲೆ ಪೀಪಾಯಿಗಳನ್ನು ಉರುಳಿಸಿ ಹಿಂದಿನ ಗೋದಾಮುಗಳಿಗೆ ಸಾಗಿಸುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಮರದ ನೆರಳಿಗೆ ಬೆಳೆಯುವ ಏಲಕ್ಕಿ, ಕಾಳುಮೆಣಸುಗಳ ಜಾತಿಯ ಸರಕಿಗೇ ಇಷ್ಟು ದೊಡ್ಡ ಕೋಟೆ ಕಟ್ಟಿದ್ದರು ಎನ್ನಿ.

ಹೊತ್ತವರ ಪಾಡು? ಲಂಡನ್ ಬಂದರಿನ ಹಮಾಲರಿಗೆ ಕಾಯಂ ಕೆಲಸ ಇರಲಿಲ್ಲ. ಬೆಳಿಗ್ಗೆ ಗೇಟಿನ ಮುಂದೆ ಗುಂಪು ಕೂಡಬೇಕು. ಮೇಸ್ತ್ರಿ ಕೈ ತೋರಿಸಿದವನಿಗೆ ಆ ಹೊತ್ತಿನ ಕೂಲಿ, ಉಳಿದವರು ಬರಿಗೈಲಿ ಮನೆಗೆ. 1889ರಲ್ಲಿ ಅವರು ದೊಡ್ಡ ಮುಷ್ಕರ ಹೂಡಿದರು. ಗಂಟೆಗೆ 6 ಪೆನ್ಸ್ ಕೊಡಿ ಎಂಬುದು ಮುಖ್ಯ ಬೇಡಿಕೆ, ಗೆದ್ದರು. ಆದರೆ ದಿನಗೂಲಿಯ ಆ ಪದ್ಧತಿ ತೊಲಗಿದ್ದು 1967ರಲ್ಲಿ. ಅಷ್ಟರಲ್ಲಿ ಕೆಲಸವೇ ತೊಲಗುತ್ತಿತ್ತು. ಚೀಲಗಳ ಬದಲು ಉಕ್ಕಿನ ಕಂಟೇನರ್ ಪೆಟ್ಟಿಗೆಗಳು ಬಂದವು. ಅವನ್ನು ಹೊತ್ತ ದೊಡ್ಡ ಹಡಗುಗಳಿಗೆ ನಗರದೊಳಗಿನ ನದಿ ಸಾಲದು. ವ್ಯಾಪಾರ ಕೆಳಗಿನ ಟಿಲ್‌ಬರಿಗೆ ಸರಿಯಿತು. 1972ರಲ್ಲಿ ಬಟ್ಲರ್ಸ್ ವಾರ್ಫ್ ಮುಚ್ಚಿತು.

ಖಾಲಿ ಗೋದಾಮಿಗೆ ಮೊದಲು ಬಂದವರು ದುಡ್ಡಿಲ್ಲದ ಕಲಾವಿದರು. ಚಿತ್ರನಿರ್ದೇಶಕ ಡೆರೆಕ್ ಜಾರ್ಮನ್ ಅವರಲ್ಲೊಬ್ಬ. 1979ರಲ್ಲಿ ಬೆಂಕಿ ಬಿತ್ತು. 80ರ ದಶಕದಲ್ಲಿ ವಿನ್ಯಾಸಕಾರ ಟೆರೆನ್ಸ್ ಕಾನ್ರನ್ ಬಂದು ಮನೆ, ಹೋಟೆಲು, ಕಚೇರಿಗಳ ಯೋಜನೆ ಹಾಕಿದ. ಬಾಳೆಹಣ್ಣಿನ ಗೋದಾಮೊಂದು 1989ರಲ್ಲಿ ಡಿಸೈನ್ ಮ್ಯೂಸಿಯಂ ಆಯಿತು. 2016ರಲ್ಲಿ ಅದೂ ಕೆನ್ಸಿಂಗ್‌ಟನ್ನಿಗೆ ಹೊರಟುಹೋಯಿತು. ಪಾಳುಬಿದ್ದ ಕಟ್ಟಡಗಳು ಕೆಡವದೆ ಉಳಿದದ್ದು ಈ ಹಣದಿಂದಲೇ ಎಂಬುದನ್ನೂ ಒಪ್ಪಬೇಕು.

ಕೊಳ್ಳಲು ಹೋಗುವವರು ಇಳಿತದ ಹೊತ್ತಿನಲ್ಲೂ ಒಮ್ಮೆ ನದಿ ನೋಡುವುದು ಒಳ್ಳೆಯದು. ಸಮುದ್ರದಿಂದ ಇಷ್ಟು ಒಳಗಿದ್ದರೂ ಇಲ್ಲಿ ನೀರು 7 ಮೀಟರಿನಷ್ಟು ಏರಿಳಿಯುವುದುಂಟು. ನೀರು ಇಳಿದಾಗ ಬಾಲ್ಕನಿಯ ಕೆಳಗೆ ಕಾಣುವುದು ಕೆಸರು.

ಸ್ವಲ್ಪ ಪೂರ್ವಕ್ಕೆ ನಡೆದರೆ ಜೇಕಬ್ಸ್ ಐಲೆಂಡ್. ‘ಆಲಿವರ್ ಟ್ವಿಸ್ಟ್’ ಓದಿದ ಮಕ್ಕಳಿಗೆ ನೆನಪಿರಬಹುದು, ಬಿಲ್ ಸೈಕ್ಸ್ ಸಾಯುವುದು ಅಲ್ಲೇ. ಅಲ್ಲೂ ಈಗ ದುಬಾರಿ ಮನೆಗಳು. ಅದರ ಹಿಂದೆಯೇ ಬಡವರಿಗೆಂದು ಸರಕಾರ ಕಟ್ಟಿಸಿದ ಬಾಡಿಗೆ ಮನೆಗಳ ಬಡಾವಣೆ, ಡಿಕನ್ಸ್ ಎಸ್ಟೇಟ್. ಅಲ್ಲಿನ ಕಟ್ಟಡಗಳಿಗೆ ಮಸಾಲೆಯ ಹೆಸರಿಲ್ಲ. ಪಿಕ್‌ವಿಕ್, ನಿಕಲ್‌ಬಿ ಎಂದು ಕಾದಂಬರಿಯ ಪಾತ್ರಗಳ ಹೆಸರು. 1980ರ ಕಾಯಿದೆ ಇಂಥ ಮನೆಗಳನ್ನು ಕೊಳ್ಳುವ ಹಕ್ಕನ್ನು ಬಾಡಿಗೆದಾರರಿಗೆ ಕೊಟ್ಟಿತು. ಹಾಗೆ ಕೊಂಡ ಮನೆಗಳೂ ಒಮ್ಮೊಮ್ಮೆ ಮಾರಾಟಕ್ಕೆ ಬರುತ್ತವೆ.