ಎರಡನೇ ದೋಸೆ

ನಮ್ಮ ಮನೆಯಲ್ಲಿ ನಾನು ಎಷ್ಟು ದೋಸೆ ತಿಂದೆ ಎಂದು ಲೆಕ್ಕ ಇಡುವವಳು ಮೊಮ್ಮಗಳು ಪುಟ್ಟಿ. ಆರನೇ ಕ್ಲಾಸಿನ ಹುಡುಗಿ. ಆ ಲೆಕ್ಕ ಯಾಕೆ ಶುರುವಾಯಿತು ಎಂದು ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ನನಗೆ ಹೊಟ್ಟೆ ಉಬ್ಬರ ಶುರುವಾಯಿತು. ಎರಡು ತುತ್ತು ಉಂಡರೆ ಸಾಕು, ಹೊಟ್ಟೆ ತುಂಬಿಬಿಡುತ್ತಿತ್ತು. ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತಿತ್ತು. ವಯಸ್ಸಾಯಿತಲ್ಲ, ಗ್ಯಾಸು ಇರಬೇಕು ಎಂದು ಓಮದ ಕಷಾಯ, ಜೀರಿಗೆ ಕಷಾಯ ಕುಡಿಯುತ್ತಾ ಐದು ತಿಂಗಳು ಕಳೆದೆ. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಅಂಡಾಶಯದ ಕ್ಯಾನ್ಸರ್, ಮೂರನೇ ಹಂತ ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು ನನ್ನ ಮೈಯ ಲೆಕ್ಕದಲ್ಲೇ ತಪ್ಪಿದ್ದೆ. ಈ ಕಾಯಿಲೆಯನ್ನು ಎಲ್ಲರಲ್ಲೂ ಮೊದಲೇ ಹಿಡಿಯುವಂಥ ನಂಬಿಕೆಯ ಪರೀಕ್ಷೆ ಇನ್ನೂ ಬಂದಿಲ್ಲ. ಆದ್ದರಿಂದ ಅಜ್ಜಿಯರೇ, ಇಂಥ ಉಬ್ಬರ ಎರಡು ಮೂರು ವಾರವಾದರೂ ಬಿಡದಿದ್ದರೆ ಕಷಾಯದ ಲೋಟ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ.

ಆಪರೇಷನ್ ಆಯಿತು, ಆರು ಕೀಮೋ ಆಯಿತು. ಸಾಗರದಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುವುದೇ ಒಂದು ಬದುಕಾಯಿತು. ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಆರಾಮಾಗಿದ್ದೆ. ಮೂರು ತಿಂಗಳಿಗೊಮ್ಮೆ ಸಿಎ-125 ಎಂಬ ರಕ್ತಪರೀಕ್ಷೆ. ಅದು 35ರ ಒಳಗಿರಬೇಕು. ಕಳೆದ ಚಳಿಗಾಲದಲ್ಲಿ 48 ಬಂತು, ಮುಂದಿನ ಸಲ 90. ಸ್ಕ್ಯಾನಿನಲ್ಲಿ ಎರಡು ಸಣ್ಣ ಗಂಟು ಕಂಡವು. ಒಂದು ಕರುಳಿಗೆ ಅಂಟಿಕೊಂಡಂತಿತ್ತು. ಕಾಯಿಲೆ ಮರುಕಳಿಸಿತ್ತು.

ಮನೆಯಲ್ಲಿ ಪಿಸುಮಾತು ಶುರುವಾಯಿತು. ನಾನು ಒಳಗೆ ಬಂದರೆ ಎಲ್ಲರೂ ಹವಾಮಾನದ ಮಾತು ಎತ್ತುತ್ತಿದ್ದರು. ಪುಟ್ಟಿ ಮಾತ್ರ ನೇರವಾಗಿ ಕೇಳಿದಳು. "ಅಜ್ಜಿ, ಈ ಸಲ ಔಷಧಿ ತಗೊಂಡ್ರೆ ಪೂರ್ತಿ ಹೋಗುತ್ತಾ?"

ನನಗೆ ಗೊತ್ತಿರಲಿಲ್ಲ. ಅದೇ ಪ್ರಶ್ನೆಯನ್ನು ಡಾಕ್ಟರಮ್ಮನ ಮುಂದಿಟ್ಟೆ. ಅವರು ಪೆನ್ನು ಕೆಳಗಿಟ್ಟು ಹೇಳಿದರು: "ಮರುಕಳಿಸಿದ ಮೇಲೆ ಪೂರ್ತಿ ಹೋಗುವುದು ಅಪರೂಪ. ಆದರೆ ಹಿಂದಕ್ಕೆ ಅಟ್ಟಬಹುದು. ಮತ್ತೆ ಬಂದರೆ ಮತ್ತೆ ಅಟ್ಟಬಹುದು. ನಡುವೆ ಸಿಗುವ ಕಾಲ ನಿಮ್ಮದು." ಸುಳ್ಳು ಸಮಾಧಾನಕ್ಕಿಂತ ಈ ಮಾತು ನನಗೆ ಹಗುರವೆನಿಸಿತು.

ಅವರು ಮೂರು ದಾರಿ ಹೇಳಿದರು: ಮತ್ತೆ ಆಪರೇಷನ್, ಈಗಲೇ ಕೀಮೋ, ಅಥವಾ ತೊಂದರೆ ಕಾಣಿಸುವವರೆಗೆ ತಪಾಸಣೆ ಮಾಡಿಸುತ್ತಾ ಕಾಯುವುದು. ಮಗನಿಗೆ ಆಪರೇಷನ್ ಆಗಲೆಂಬ ಆಸೆ. ಮಗಳು "ನಾಳೆಯೇ ಕೀಮೋ ಶುರುಮಾಡಿ" ಅಂದಳು. ಸುಮ್ಮನೆ ಕಾಯುವುದು ಇಬ್ಬರಿಗೂ ಕೈಚೆಲ್ಲಿದ ಹಾಗೆ ಕಂಡಿತು.

ಊರಿಗೆ ಬಂದು ಪುಟ್ಟಿಯ ರಫ್ ನೋಟ್‌ಬುಕ್ ತೆರೆದು ಕೂತೆ. ಅವಳು ಸ್ಕೇಲ್ ಇಟ್ಟು ಗೆರೆ ಹಾಕಿದಳು. ಒಂದು ಕಡೆ ಲಾಭ, ಒಂದು ಕಡೆ ನಷ್ಟ.

ಆಪರೇಷನ್ನಿನಿಂದ ಲಾಭವಾಗಬೇಕಾದರೆ ಕಣ್ಣಿಗೆ ಕಾಣುವ ಗಂಟೆಲ್ಲ ತೆಗೆಯಲು ಆಗಬೇಕು. ನನ್ನ ವಿಷಯದಲ್ಲಿ ಕರುಳಿನ ತುಂಡೂ ಹೋಗಬಹುದಿತ್ತು. ನನ್ನ ವಯಸ್ಸು ಅರವತ್ತೇಳು. ಅದನ್ನು ಹೊಡೆದುಹಾಕಿದೆ.

ಕಾಯುವ ವಿಷಯಕ್ಕೆ ಡಾಕ್ಟರಮ್ಮ ಒಂದು ಅಧ್ಯಯನದ ಕಥೆ ಹೇಳಿದ್ದರು. 2010ರಲ್ಲಿ ಪ್ರಕಟವಾದದ್ದು. ಸಿಎ-125 ಏರಿದ 529 ಹೆಂಗಸರನ್ನು ಎರಡು ಗುಂಪು ಮಾಡಿದ್ದರಂತೆ. ಒಂದು ಗುಂಪಿಗೆ ಅಂಕಿ ಏರಿದ ಕೂಡಲೇ ಕೀಮೋ, ಇನ್ನೊಂದಕ್ಕೆ ತೊಂದರೆ ಕಾಣಿಸಿಕೊಂಡ ಮೇಲೆ. ಬೇಗ ಶುರುಮಾಡಿದವರು ಹೆಚ್ಚು ಕಾಲವೇನೂ ಬದುಕಲಿಲ್ಲ. ಔಷಧಿಯ ಕಷ್ಟ ಮಾತ್ರ ಬೇಗ ಬಂತು. "ಈಗ ಹೊಸ ಮಾತ್ರೆಗಳು ಬಂದಿವೆ, ಎಲ್ಲರಿಗೂ ಒಂದೇ ಲೆಕ್ಕವಲ್ಲ. ಆದರೆ ನೀವು ಕಾದರೆ ತಪ್ಪಿಲ್ಲ" ಎಂದಿದ್ದರು.

ಕಾಯುವುದೆಂದು ತೀರ್ಮಾನಿಸಿದೆ. ಆದರೆ ಕಣ್ಣು ಮುಚ್ಚಿಕೊಂಡಲ್ಲ. ತಿಂಗಳಿಗೊಮ್ಮೆ ತಪಾಸಣೆ, ದಿನವೂ ಮೂರು ಪ್ರಶ್ನೆ: ಹೊಟ್ಟೆ ಉಬ್ಬಿದೆಯೇ? ನೋವಿದೆಯೇ? ಎರಡನೇ ದೋಸೆ ಸೇರಿತೇ? ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪುಟ್ಟಿ ಗುರುತು ಹಾಕುವಳು.

ಹಾಗೆ ಹನ್ನೊಂದು ವಾರ ಸಿಕ್ಕಿತು. ಆ ವಾರಗಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದೆ. ಪುಟ್ಟಿಗೆ ಭಿನ್ನರಾಶಿ ಕಲಿಸಿದೆ. ತಂಗಿಯ ಮೊಮ್ಮಗನ ಉಪನಯನದಲ್ಲಿ ಹೋಳಿಗೆ ಲಟ್ಟಿಸಿದೆ. ಒಂದು ಬೆಳಿಗ್ಗೆ ಕಾವಲಿಯ ಮುಂದೆ ನಿಂತಿದ್ದ ಮಗಳು ಕೇಳಿದಾಗ "ಸಾಕು" ಅಂದೆ. ಪುಟ್ಟಿ ತಲೆ ಎತ್ತಿ ನೋಡಿದಳು. ಮರುದಿನವೂ ಹಾಗೇ ಆಯಿತು. ಮೂರನೇ ದಿನ ನಾವು ರೈಲು ಹತ್ತಿದೆವು.

ಈಗ ಕೀಮೋದ ಆಯ್ಕೆ. ಕೊನೆಯ ಕೀಮೋ ಮುಗಿದು ಆರು ತಿಂಗಳಿಗಿಂತ ಹೆಚ್ಚಾಗಿದ್ದರಿಂದ ಪ್ಲಾಟಿನಂ ಇರುವ ಕಾರ್ಬೋಪ್ಲಾಟಿನ್ ಮತ್ತೆ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿತ್ತು. "ಪ್ಲಾಟಿನಂ ಅಂದ್ರೆ ಉಂಗುರ ಮಾಡ್ತಾರಲ್ಲ, ಅದಾ?" ಎಂದಳು ಪುಟ್ಟಿ. ಹೌದು, ಅದೇ ಲೋಹ. 1965ರ ಸುಮಾರಿಗೆ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾ ಇದ್ದ ದ್ರವದಲ್ಲಿ ಪ್ಲಾಟಿನಂ ತಂತಿಯಿಂದ ವಿದ್ಯುತ್ ಹರಿಸಿದ. ಬ್ಯಾಕ್ಟೀರಿಯಾಗಳು ಒಡೆದು ಎರಡಾಗುವುದನ್ನು ಬಿಟ್ಟು ದಾರದಂತೆ ಉದ್ದ ಬೆಳೆದವು. ಕಾರಣ ವಿದ್ಯುತ್ತಲ್ಲ, ತಂತಿಯಿಂದ ಕರಗಿದ ಪ್ಲಾಟಿನಂ! ವಿಭಜನೆ ತಡೆಯುವ ಈ ಗುಣದಿಂದ ಸಿಸ್‌ಪ್ಲಾಟಿನ್ ಔಷಧಿ ಹುಟ್ಟಿತು. ನನ್ನದು ಅದರ ತಂಗಿ.

ಜೊತೆಗೆ ಕೊಡುವ ಇನ್ನೊಂದು ಔಷಧಿಗೆ ಎರಡು ಆಯ್ಕೆ ಇತ್ತು. ಹಳೆಯ ಪ್ಯಾಕ್ಲಿಟಾಕ್ಸೆಲ್‌ನಿಂದ ನನ್ನ ಬೆರಳ ತುದಿ ಇನ್ನೂ ಜೋಮು ಹಿಡಿದ ಹಾಗಿದೆ. ರಂಗೋಲಿ ಎಳೆ ನೇರ ಬರುವುದಿಲ್ಲ. ಈ ಕೈಗಳು ಇನ್ನೂ ಬೇಕು ಅಂದೆ. ಡಾಕ್ಟರಮ್ಮ ಬೇರೊಂದನ್ನು ಬರೆದರು. ಅದರಿಂದ ಅಂಗೈ, ಅಂಗಾಲು ಕೆಂಪಾಗಿ ಉರಿಯಬಹುದು, ಆದರೆ ಕೂದಲು ಅಷ್ಟಾಗಿ ಉದುರದು. ಪುಟ್ಟಿ ಲಾಭದ ಕಡೆ "ಕೂದಲು" ಎಂದು ಬರೆದು ಎರಡು ಸಲ ಅಡಿಗೆರೆ ಎಳೆದಳು.

ಇನ್ನೊಂದು ಪರೀಕ್ಷೆಯೂ ಆಯಿತು. ನನ್ನ ಬಿಆರ್‌ಸಿಎ ಎಂಬ ವಂಶವಾಹಿಯಲ್ಲಿ ಹುಟ್ಟಿನಿಂದಲೇ ದೋಷವಿದೆಯಂತೆ. ಇದು ಕ್ಯಾನ್ಸರ್ ಕೋಶದ ಒಂದು ದೌರ್ಬಲ್ಯವೂ ಹೌದು. ಊರಿಗೆ ಎರಡು ಸಂಕ, ಒಂದು ಮೊದಲೇ ಮುರಿದಿದೆ, ಇನ್ನೊಂದನ್ನೂ ಮುಚ್ಚಿದರೆ ಊರಿಗೆ ಸಾಮಾನು ಬರುವುದಿಲ್ಲ. ಕೀಮೋ ಮುಗಿದ ಮೇಲೆ ಕೊಡುವ ಮಾತ್ರೆ ಆ ಎರಡನೇ ಸಂಕವನ್ನು ಮುಚ್ಚುತ್ತದೆ. ಅದರ ಬೆಲೆ ಕೇಳಿ ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಲೆಕ್ಕ ಇನ್ನೂ ಮುಗಿದಿಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಬೆಲೆಯಲ್ಲ. ಆ ದೋಷ ಮಕ್ಕಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ನಾಣ್ಯ ಒಮ್ಮೆ ಚಿಮ್ಮಿದ ಹಾಗೆ. ಗೊತ್ತಾದರೆ ಮುಂಜಾಗ್ರತೆಗೆ ದಾರಿಗಳಿವೆ. ಮಗ ರಕ್ತ ಕೊಟ್ಟ. ಮಗಳು "ನಂಗೆ ಬೇಡಮ್ಮ" ಎಂದು ಎದ್ದು ಹೋದಳು. ನಾನು ಒತ್ತಾಯಿಸಲಿಲ್ಲ. ನನ್ನ ಮೈಯ ತೀರ್ಮಾನ ನಾನು ತೆಗೆದುಕೊಂಡ ಮೇಲೆ ಅವಳದನ್ನು ಅವಳಿಗೆ ಬಿಡಬೇಕಲ್ಲ. "ನಂದು ನಂಗೆ ತಡವಾಗಿ ಗೊತ್ತಾಯ್ತು ಕಣೇ" ಎಂದಷ್ಟೇ ಹೇಳಿದೆ.

ಈಗ ಮೂರು ಕೀಮೋ ಆಗಿದೆ. ಸಿಎ-125 ಇಳಿಯುತ್ತಿದೆ. ಮೊದಲ ಎರಡು ದಿನ ಸುಸ್ತು, ವಾಕರಿಕೆ. ಆಮೇಲೆ ಗಂಜಿ, ಆಮೇಲೆ ಅನ್ನ. ಮೊನ್ನೆ ಭಾನುವಾರ ಎರಡನೇ ದೋಸೆ ಪೂರ್ತಿ ತಿಂದೆ. ಪುಟ್ಟಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ನೋಟ್‌ಬುಕ್ ನನ್ನ ಮುಂದೆ ಹಿಡಿದಳು. "ಅಜ್ಜಿ, ಇದು ಯಾರು ಬರೆದಿದ್ದು?"

ಕೊನೆಯ ಪುಟದಲ್ಲಿ ಸ್ಕೇಲಿಲ್ಲದೆ ಎಳೆದ ಸೊಟ್ಟ ಗೆರೆ. ಎರಡು ಕಡೆಯೂ ನನ್ನ ಮಗಳ ಅಕ್ಷರ. ನಷ್ಟದ ಕಡೆ "ಭಯ" ಎಂದಿತ್ತು. ಲಾಭದ ಕಡೆ "ಪುಟ್ಟಿ" ಎಂದಿತ್ತು.

ಮುಂದಿನ ಕೀಮೋಗೆ ಅವಳೂ ಜೊತೆಗೆ ಬರುತ್ತಾಳಂತೆ. ರಕ್ತ ಕೊಡಲು.