‘ಹೊಟ್ಟೆನೋವು ಅಂತಲೇ ಬರ್ಕೊಳ್ಳಿ’

ಗಂಡಸಿ ಹೋಬಳಿಯಿಂದ ಹನ್ನೊಂದು ವರ್ಷದಿಂದ ಸುದ್ದಿ ಕಳಿಸುತ್ತಿದ್ದೇವೆ. ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಸಲ ಟೈಪ್ ಮಾಡಿದ ಸಾಲು ಯಾವುದು ಎಂದರೆ ‘ಹೊಟ್ಟೆನೋವು ತಾಳಲಾರದೆ’ ಮತ್ತು ‘ಜೀವನದಲ್ಲಿ ಜಿಗುಪ್ಸೆಗೊಂಡು’. ಠಾಣೆಗೆ ಕೊಟ್ಟ ದೂರಿನಲ್ಲಿ ಹಾಗೇ ಇರುತ್ತದೆ. ಮನೆಯವರೂ ಕೈ ಮುಗಿಯುತ್ತಾರೆ: ‘ಹೊಟ್ಟೆನೋವು ಅಂತಲೇ ಬರ್ಕೊಳ್ಳಿ ಸ್ವಾಮಿ, ಇನ್ನೊಬ್ಬಳ ಮದುವೆ ಆಗ್ಬೇಕು.’ ನಮ್ಮ ಕಡೆ ಹೊಟ್ಟೆಗೆ ಕಾಯಿಲೆ ಬರಬಹುದು, ಮನಸ್ಸಿಗೆ ಬರುವ ಹಾಗಿಲ್ಲ.

ಹಾಗಾಗಿ ನಮಗೇ ಬಂದಾಗ ಅದಕ್ಕೆ ಹೆಸರು ಗೊತ್ತಾಗಲಿಲ್ಲ. ಇಲ್ಲಿ ‘ನಾವು’ ಅಂದರೆ ಒಬ್ಬರೇ. ಸುದ್ದಿಯಲ್ಲಿ ‘ನಾನು’ ಬರೆದು ಅಭ್ಯಾಸವಿಲ್ಲ, ಈಗಲೂ ಕೈ ಬರುತ್ತಿಲ್ಲ.

ಅದು 2023. ಉಂಡೆ ಕೊಬ್ಬರಿಗೆ ಕೇಂದ್ರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ, ಮಾರುಕಟ್ಟೆಯ ಧಾರಣೆ ಅದಕ್ಕಿಂತ ತೀರಾ ಕೆಳಗೆ. ಅರಸೀಕೆರೆ, ತಿಪಟೂರು ಕಡೆ ದಿನಾ ಪ್ರತಿಭಟನೆ. ನಮ್ಮ ಮನೆಯ ಅಟ್ಟದ ಮೇಲೂ ಕೊಬ್ಬರಿ ಕೂತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಮೂರು ಪ್ಯಾರಾ ಸುದ್ದಿಗೆ ಎರಡು ಗಂಟೆ. ಅಮ್ಮ ತಟ್ಟೆಯಲ್ಲಿ ಉಳಿದ ಮುದ್ದೆ ನೋಡಿ ‘ಯಾಕ್ ಮಗ, ಸಾರು ಸೇರ್ಲಿಲ್ವಾ?’ ಅಂತ ದಿನಾ ಕೇಳುತ್ತಿದ್ದರು. ಯಾರೋ ಯಂತ್ರ ಕಟ್ಟಿಸಲು ಹೇಳಿದರು, ಕಟ್ಟಿಸಿದ್ದೂ ಆಯಿತು. ಕೊನೆಗೆ ಮನೆಯವಳೇ ‘ಮಂಗಳವಾರದ ಡಾಕ್ಟ್ರು ಬರ್ತಾರಲ್ಲ, ನೀವೇ ಬರ್ದಿದ್ರಲ್ರೀ, ನಡೀರಿ’ ಅಂದಳು.

ಬರೆದಿದ್ದು ನಿಜ. ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಕಳಿಸುವ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿತು. ಅದಕ್ಕೂ ಹಿಂದೆ, 1980ರ ದಶಕದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿ ಮಟ್ಟದ ಚಿಕಿತ್ಸೆ ಸಾಧ್ಯ ಎಂದು ಮಾಡಿ ತೋರಿಸಿತ್ತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ನಮ್ಮ ರಾಜ್ಯವೇ ದಾರಿ ತೋರಿಸಿದ ಕೆಲಸ ಇದು. ಆದರೂ ಆ ಸಾಲಿನಲ್ಲಿ ನಿಂತಾಗ ನಾವು ಟವೆಲ್ಲನ್ನು ಮುಖದವರೆಗೂ ಹೊದ್ದುಕೊಂಡಿದ್ದೆವು.

ಎಸ್ಸಿಟಾಲೊಪ್ರಾಮ್ ಮಾತ್ರೆ ಬರೆದುಕೊಟ್ಟರು. ಮೊದಲು 5 ಮಿಲಿಗ್ರಾಂ, ಆಮೇಲೆ 10. ಡಾಕ್ಟರ್ ಒಂದು ಮಾತು ಹೇಳಿದರು: ‘ತೊಂದರೆ ಮೊದಲು ಗೊತ್ತಾಗುತ್ತೆ, ಗುಣ ಆಮೇಲೆ.’ ಈ ಒಂದು ಮಾತು ಕೇಳಿರದಿದ್ದರೆ ಮೊದಲನೇ ವಾರವೇ ಮಾತ್ರೆ ತಿಪ್ಪೆ ಸೇರುತ್ತಿತ್ತು. ಕಾಫಿ ವಾಸನೆ ಬಂದರೆ ವಾಕರಿಕೆ. ಗ್ರಾಮಸಭೆಯಲ್ಲಿ ಕೂತರೆ ಆಕಳಿಕೆ ಮೇಲೆ ಆಕಳಿಕೆ. ಪಿಡಿಒ ‘ನಮ್ಮ ಭಾಷಣ ಅಷ್ಟು ಬೇಜಾರಾ?’ ಅಂದರು. ಅಂಗೈ ಬೆವರು, ರಾತ್ರಿ ಸಿನಿಮಾದಂಥ ಕನಸು. ಎರಡು ವಾರ ಕಳೆಯುವಷ್ಟರಲ್ಲಿ ವಾಕರಿಕೆ ತಗ್ಗಿತು. ಐದನೇ ವಾರ ಒಂದು ದಿನ ಸುದ್ದಿ ಕಳಿಸಿ ಗಡಿಯಾರ ನೋಡಿದರೆ ಇಪ್ಪತ್ತೇ ನಿಮಿಷವಾಗಿತ್ತು. ಗುಣ ಗೊತ್ತಾಗಿದ್ದು ಹಾಗೆ.

ಇನ್ನೊಂದು ವಿಷಯ ಬರೆಯದೆ ಬಿಟ್ಟರೆ ಇದೂ ಹೊಟ್ಟೆನೋವಿನ ವರದಿಯೇ ಆಗುತ್ತದೆ. ಗಂಡ ಹೆಂಡಿರ ನಡುವಿನದು. ಆಸೆ ಕಡಿಮೆಯಾಯಿತು, ಆದರೂ ತಡ. ಮನೆಯವಳು ಮೊದಲು ಸುಮ್ಮನಿದ್ದಳು, ಆಮೇಲೆ ‘ನನ್ ಕಂಡ್ರೆ ಬ್ಯಾಸರನಾ?’ ಅಂದಳು. ಉತ್ತರ ನಮಗೂ ಗೊತ್ತಿರಲಿಲ್ಲ. ಡಾಕ್ಟರ ಮುಂದೆ ಬಾಯಿ ಬಿಟ್ಟು ಹೇಳುವುದಕ್ಕೆ ಎರಡು ಮಂಗಳವಾರ ಬೇಕಾಯಿತು. ಅವರು ತಲೆಯೆತ್ತದೆ ಬರೆಯುತ್ತಲೇ ‘ಈ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳಲ್ಲಿ ಇದು ಬಹಳ ಜನಕ್ಕೆ ಆಗುತ್ತೆ, ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆಗೆ ಬದಲಿಸಬಹುದು’ ಅಂದರು. ಹೊರಗೆ ಬಂದು ಅದನ್ನೇ ಮನೆಯವಳಿಗೆ ಹೇಳಿದೆವು. ಅವಳಿಗೆ ಆದ ಸಮಾಧಾನ ಮಾತ್ರೆಯಿಂದ ನಮಗೆ ಆದದ್ದಕ್ಕಿಂತ ದೊಡ್ಡದು. ಎಷ್ಟು ಜನ ಇದೊಂದೇ ಕಾರಣಕ್ಕೆ, ಯಾರಿಗೂ ಹೇಳದೆ, ಮಾತ್ರೆ ಬಿಡುತ್ತಾರೋ.

ಸೋದರಮಾವ ತೀರಿಕೊಂಡಾಗ ಕಣ್ಣೀರು ಬರಲಿಲ್ಲ. ದುಃಖ ಇತ್ತು, ಗಾಜಿನ ಆಚೆ ಇದ್ದ ಹಾಗೆ. ‘ಪೇಪರ್‌ನೋರ ಎದೆ ಕಲ್ಲು’ ಅಂತ ನೆಂಟರು ಆಡಿಕೊಂಡರು. ಇದೂ ಈ ಮಾತ್ರೆಗಳಿಂದ ಕೆಲವರಿಗೆ ಆಗುವಂಥದ್ದೇ.

ಒಮ್ಮೆ ಹಬ್ಬದ ಸಾಲು ರಜೆಯಲ್ಲಿ ಊರಿನ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಸಿಗಲಿಲ್ಲ. ‘ಸ್ಟಾಕ್ ಇಲ್ಲ, ಸೋಮವಾರ ಬನ್ನಿ’ ಅಂದರು. ಐದು ದಿನ. ಮೂರನೇ ದಿನದಿಂದ ಕತ್ತು ತಿರುಗಿಸಿದರೆ ಬೋರ್‌ವೆಲ್ ಸ್ಟಾರ್ಟರ್ ಮುಟ್ಟಿದ ಹಾಗೆ ತಲೆಯೊಳಗೆ ಜುಮ್. ತಲೆಸುತ್ತು, ಸುಮ್ಮಸುಮ್ಮನೆ ಸಿಟ್ಟು. ‘ನೋಡಿದ್ಯಾ, ಚಟ ಆಗ್ಬಿಟ್ಟೈತೆ ಕಣಣ್ಣ’ ಅಂದ ಗೆಳೆಯ. ಚಟ ಅಲ್ಲ ಅದು. ಚಟ ಆದರೆ ಇನ್ನೂ ಹೆಚ್ಚು ಬೇಕೆಂಬ ಆಸೆ ಇರುತ್ತದೆ. ಇಲ್ಲಿ ಒಗ್ಗಿಕೊಂಡ ಮೈಗೆ ದಿಢೀರನೆ ಮಾತ್ರೆ ನಿಂತು ಹೋಗಿ ಆಗುವ ಕಾಟ. ಅದಕ್ಕೇ ಬಿಡುವಾಗ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಮೆಲ್ಲಗೆ ಇಳಿಸುತ್ತಾರೆ. ಅಭ್ಯಾಸವಾಗಿ ಅಂಟಿಕೊಳ್ಳುವ ಭಯ ಇರುವುದು ಕ್ಲೋನಜೆಪಾಮ್ ಥರದ ನಿದ್ದೆ, ಆತಂಕದ ಮಾತ್ರೆಗಳಿಗೆ. ಎರಡನ್ನೂ ಸೇರಿಸಿದ ಒಂದೇ ಗುಳಿಗೆಯೂ ಅಂಗಡಿಯಲ್ಲಿದೆ. ನಮ್ಮ ಚೀಟಿಯಲ್ಲಿ ಯಾವುದಿದೆ ಎಂದು ಕೇಳಿ ತಿಳಿಯುವುದು ನಮ್ಮ ಹಕ್ಕು.

ನಮ್ಮ ಕಡೆಗೆ ಮುಖ್ಯವಾದ ಇನ್ನೂ ಎರಡು ಮಾತು. ತೆಂಗಿನ ತೋಟದಲ್ಲಿ ದುಡಿದು ಸೊಂಟ ಹಿಡಿದವರು ಅಂಗಡಿಯಲ್ಲಿ ಬಿಡಿ ನೋವಿನ ಮಾತ್ರೆ ಕೇಳಿ ನುಂಗುತ್ತಾರೆ. ಡೈಕ್ಲೋಫಿನಾಕ್‌ನಂಥದ್ದನ್ನು ಈ ಮಾತ್ರೆಗಳ ಜೊತೆ ತಗೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು; ಟ್ರಾಮಡಾಲ್ ಜೊತೆ ಬೇರೆಯೇ ಅಪಾಯವಿದೆ. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿದು ಮಂಕು ಕವಿಯಬಹುದು. ಎರಡನೆಯದು ಹುಡುಗರ ವಿಷಯ. ಮಕ್ಕಳು ಮತ್ತು ಹದಿಹರೆಯದವರಲ್ಲಿ ಶುರುವಿನ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚಬಹುದು ಎಂದು ಅಮೆರಿಕದ ಔಷಧ ಇಲಾಖೆ 2004ರಲ್ಲಿ ಎಚ್ಚರಿಕೆ ಹಾಕಿಸಿತು, 2007ರಲ್ಲಿ ಅದನ್ನು 24 ವಯಸ್ಸಿನವರೆಗೂ ವಿಸ್ತರಿಸಿತು. ಹುಡುಗರಿಗೆ ಮಾತ್ರೆ ಕೊಡಲೇಬಾರದು ಅಂತಲ್ಲ, ಆ ವಾರಗಳಲ್ಲಿ ಮನೆಯವರ ಕಣ್ಣು ಅವರ ಮೇಲಿರಬೇಕು ಅಂತ.

ಇಷ್ಟೆಲ್ಲ ತೊಂದರೆ ಬರೆದ ಮೇಲೆ ಮಾತ್ರೆ ಬೇಡ ಅನ್ನಿಸಬಹುದು. ಹಾಗಲ್ಲ. 12 ರಾಜ್ಯಗಳಲ್ಲಿ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ 20 ವಯಸ್ಕರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಘಟ್ಟದಲ್ಲಿ ಖಿನ್ನತೆ ಬಂದಿರುತ್ತದೆ, ಖಿನ್ನತೆ ಇರುವವರಲ್ಲಿ ಶೇ 85ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ. ನಮ್ಮ ಹೋಬಳಿಯಲ್ಲಿ ಮಾತ್ರೆ ತಿಂದು ಕಷ್ಟಪಟ್ಟವರಿಗಿಂತ ಮಾತ್ರೆಯ ಮುಖವನ್ನೇ ನೋಡದೆ ಹೋದವರ ಸುದ್ದಿಯನ್ನು ನಾವು ಹೆಚ್ಚು ಕಳಿಸಿದ್ದೇವೆ.

ಜೊತೆಗೆ ಡಿಪ್ಲೊಮಾ ಓದಿದ ಗೆಳೆಯರಿಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಪ್ರಕಾರ ಚಿಕಿತ್ಸೆಯಲ್ಲಿರುವವರ ಫೋಟೊ, ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಆತ್ಮಹತ್ಯೆ ಸುದ್ದಿ ಹೇಗಿರಬೇಕೆಂದು ಪತ್ರಿಕಾ ಮಂಡಳಿಯೂ 2019ರಲ್ಲಿ ಹೇಳಿದೆ. ಹೇಗೆ ಸತ್ತರು ಎಂಬ ಸಾಲು ತೆಗೆದರೆ ಆ ಜಾಗದಲ್ಲಿ ಟೆಲಿ ಮಾನಸ್ ಸಂಖ್ಯೆ 14416 ಹಿಡಿಸುತ್ತದೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಡೆಸ್ಕಿನವರು ಎರಡು ಸಲ ಕತ್ತರಿಸಿದರು, ಮೂರನೇ ಸಲ ಬಿಟ್ಟರು.

ಈಗ ಮತ್ತೆ 5 ಮಿಲಿಗ್ರಾಂಗೆ ಇಳಿದಿದ್ದೇವೆ. ಪೂರ್ತಿ ಯಾವಾಗ ಬಿಡುವುದೆಂದು ಡಾಕ್ಟರ್ ಇನ್ನೂ ಹೇಳಿಲ್ಲ, ನಮಗೂ ಅವಸರವಿಲ್ಲ. ಮೊನ್ನೆ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಕಾಯುವಾಗ ಪರಿಚಯದ ಹುಡುಗನೊಬ್ಬ ಹತ್ತಿರ ಬಂದು, ಸುತ್ತ ನೋಡಿ, ‘ಅಣ್ಣ, ನೀವು ತಗೊಳ್ಳೋದು ಯಾವ ಮಾತ್ರೆ?’ ಅಂತ ಕೇಳಿದ. ಮಾತ್ರೆಯ ಹೆಸರು ಹೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಇಲ್ಲೇ ಬಾ, ಅರಸೀಕೆರೆ ಬಸ್ಸಿಗೆ ಜೊತೆಗೇ ಹೋಗೋಣ ಅಂದೆವು. ಬಂದಿದ್ದ.